ಕುರಿ ತೊಳೆಯುವ ದಿನ

ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿದ ಕೂಡಲೇ ಮಗ್ಗದ ಕುಣಿ ಎದುರಾಗುತ್ತಿತ್ತು. ಗೊತ್ತಿಲ್ಲದೆ ಬಂದವರು ಬಿಸಿಲಿನಿಂದ ಒಳಗಿನ ಕತ್ತಲೆಗೆ ಕಾಲಿಟ್ಟು ಸೀದಾ ಅದರೊಳಗೆ ಇಳಿಯುತ್ತಿದ್ದರು. ಸೊಂಟದವರೆಗೆ ನೆಲದೊಳಗೆ ಕೂತು ಕಂಬಳಿ ನೇಯುತ್ತಿದ್ದ ಅಪ್ಪ ಲಾಳಿ ಬಿಟ್ಟು ಅವರ ರಟ್ಟೆ ಹಿಡಿದು, ‘ಬರ್ರಿ, ಬಂದಿದ್ದೂ ಆತು, ಕೂತಿದ್ದೂ ಆತು’ ಎನ್ನುತ್ತಿದ್ದ. ಪಡಸಾಲೆ ಪೂರ್ತಿ ಮಗ್ಗದ್ದು. ಗೋಡೆಗುಂಟ ಉಳಿದ ಒಂದು ಚಾಪೆಯಗಲದ ಜಾಗದಲ್ಲಿ ಅವ್ವನ ರಾಟಿ, ಉಣ್ಣೆಯ ಮೂಟೆ, ನಾನು ಮತ್ತು ಅಕ್ಕ ನೀಲವ್ವ ಮಲಗುವ ಹಾಸಿಗೆ. ಹಿಂದಿನ ಬಾಗಿಲು ತೆರೆದರೆ ಕುರಿಗಳ ದೊಡ್ಡಿ. ಉಣ್ಣೆಯ ಜಿಡ್ಡಿನ ವಾಸನೆ ನಮ್ಮ ಬಟ್ಟೆಗೆ, ಕೂದಲಿಗೆ, ಶಾಲೆಯ ಪುಸ್ತಕಗಳಿಗೆ ಸಹ ಹತ್ತಿಕೊಂಡಿತ್ತು. ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡರೆ ನೀಲಕ್ಕ ಸುಮ್ಮನೆ ಬಿಡುತ್ತಿರಲಿಲ್ಲ.

“ಚಳಿಗಾಲದಾಗ ಕಂಬಳಿ ಕೇಳಾಕ ನಮ್ಮ ಮನಿಗೇ ಬರ್ತೀರಲ್ಲ, ಆವಾಗ ಈ ಮೂಗು ಎಲ್ಲಿಟ್ಟು ಬರ್ತೀರ್ಬೇ?”

ಈಗ ನಾನು ರಾಯಚೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ತರಗತಿಯ ಹೊರಗೆ ಯಾರಾದರೂ ದನಿ ಎಳೆದು ಕೂಗಿದರೆ ನನ್ನ ಕೈಯ ಸೀಮೆಸುಣ್ಣ ಕಪ್ಪು ಹಲಗೆಯ ಮೇಲೆ ನಿಂತುಬಿಡುತ್ತದೆ. ಮಕ್ಕಳಿಗೆ ಅದು ಅಭ್ಯಾಸವಾಗಿದೆ, ಮೇಡಂ ಏನೋ ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದು ಕಾಯುತ್ತಾರೆ. ನಾನು ನೆನಪು ಮಾಡಿಕೊಳ್ಳುತ್ತಿರುವುದಿಲ್ಲ. ಕಾಲುವೆಯ ಆಚೆ ದಂಡೆಯ ಮೇಲೆ ನಿಂತಿರುತ್ತೇನೆ. ಓದುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಒಂಬತ್ತು ವರ್ಷವಿದ್ದಾಗ ನೀಲಕ್ಕ ಆ ಕಾಲುವೆಯಲ್ಲಿ ಹೋದಳು. ಹೋಗಿದ್ದು ನನ್ನಿಂದ. ಆ ತಪ್ಪನ್ನು ತನ್ನದೆಂದು ಹೇಳಿ ತಲೆಗೆ ಕಟ್ಟಿಕೊಂಡವನು ತಾತ, ಅಪ್ಪನ ಅಪ್ಪ. ಅವ್ವ ಅವನ ಮಾತು ನಂಬಿದಳು, ಅವನನ್ನು ಕ್ಷಮಿಸಲಿಲ್ಲ. ಅವನ ಹೆಸರಿನ ಮೇಲಿಂದ ಆ ಮಾತನ್ನು ಇಳಿಸಬೇಕೆಂದು ಇಷ್ಟು ವರ್ಷ ಅಂದುಕೊಳ್ಳುತ್ತ ಬಂದಿದ್ದೇನೆ.

ಆದರೆ ಆ ದಿನಗಳ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ಸಂತೋಷವೇ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ನಮ್ಮದು ಸಿರವಾರದ ಹತ್ತಿರ, ಮಾನ್ವಿಯ ಕಡೆಗಿನ ಒಂದು ಹಳ್ಳಿ. ಸುತ್ತ ಕಾಲುವೆಯ ನೀರು, ಭತ್ತದ ಗದ್ದೆ. ಮಳೆಗಾಲದ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತದೆಂದು ತಾತ ಹಿಂಡನ್ನು ಹೊಡೆದುಕೊಂಡು ದೇವದುರ್ಗದ ಗುಡ್ಡಗಳ ಕಡೆ ಹೋಗಿಬಿಡುತ್ತಿದ್ದ. ಸುಗ್ಗಿ ಮುಗಿದು, ಬೇವಿನ ಮರ ಹಳೆಯ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡುವ ಹೊತ್ತಿಗೆ ವಾಪಸ್ಸು. ಬರುವಾಗ ಅವನ ಕಂಬಳಿಯ ಗಂಟಿನಲ್ಲಿ ಏನೇನೋ ಇರುತ್ತಿತ್ತು. ಕಾರೆಹಣ್ಣು, ಜೇನುಹುಟ್ಟಿನ ಒಂದು ತುಂಡು, ಒಣಗಿಸಿದ ಮುತ್ತುಗದ ಹೂವು. ಆ ಹೂವು ನೀಲಕ್ಕನಿಗೆ. ಅವಳು ಅದನ್ನು ಕುದಿಸಿ ಬಿಳಿ ಉಣ್ಣೆಗೆ ಬಣ್ಣ ಕಟ್ಟುತ್ತಿದ್ದಳು. ಅರಿಶಿನವೂ ಅಲ್ಲದ, ಕುಂಕುಮವೂ ಅಲ್ಲದ ಒಂದು ಬೆಂಕಿಬಣ್ಣ. ಅದಕ್ಕೆ ಕರಿ ಉಣ್ಣೆ ಸೇರಿಸಿ ಹೊಸೆದು ಆ ವರ್ಷ ಹುಟ್ಟಿದ ಒಂದೊಂದು ಮರಿಯ ಕೊರಳಿಗೂ ಒಂದೊಂದು ದಾರ. ದಾರ ಕಟ್ಟುವಾಗ ಮರಿಗೆ ಹೆಸರಿಡುವ ಹಕ್ಕೂ ಅವಳದೇ. ಊರಿನ ಜಗಳಗಂಟಿಯರ ಹೆಸರನ್ನೆಲ್ಲ ಮರಿಗಳಿಗೆ ಇಟ್ಟು, ಅವರು ಬಾಗಿಲಿಗೆ ಬಂದಾಗಲೇ ದೊಡ್ಡಿಯಿಂದ ಗಟ್ಟಿಯಾಗಿ ಕರೆಯುತ್ತಿದ್ದಳು. ಅವ್ವ ಒಳಗೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಆ ದಿನಗಳಲ್ಲಿ ಮನೆಯಲ್ಲಿ ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ. ಹುಣಸೆಹಣ್ಣು ಬಿಡಿಸಿ ಉಳಿದ ಬೀಜವನ್ನು ಅವ್ವ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಒಳಕಲ್ಲಿನಲ್ಲಿ ರುಬ್ಬಿ ಗಂಜಿ ಕಾಯಿಸುತ್ತಿದ್ದಳು. ಕಂಬಳಿಯ ನೂಲಿಗೆ ಬಿಗಿ ಬರುವುದು ಆ ಗಂಜಿಯಿಂದ. ಮನೆಯ ಮುಂದೆ ಬೇವಿನ ನೆರಳಿನಲ್ಲಿ ಗೂಟ ನೆಟ್ಟು ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಅಪ್ಪ ಒಂದು ಕಡೆಯಿಂದ, ನೀಲಕ್ಕ ಒಂದು ಕಡೆಯಿಂದ ಕುಂಚದಿಂದ ಗಂಜಿ ಸವರುತ್ತ ನಡುವೆ ಸೇರುತ್ತಿದ್ದರು. ಮೇಲಿಂದ ಬೇವಿನ ಹೂವು ಉದುರಿ ಹಸಿ ನೂಲಿಗೆ ಅಂಟಿಕೊಳ್ಳುತ್ತಿತ್ತು. ಅದನ್ನು ಒಂದೊಂದಾಗಿ ಆರಿಸುವುದು ನನ್ನ ಕೆಲಸ. ಮಧ್ಯಾಹ್ನಕ್ಕೆ ಹುಣಸೆಯ ಎಳೆ ಚಿಗುರು ಹಾಕಿದ ಬೇಳೆ, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಚಿಗುರು ಕೀಳಲು ನೀಲಕ್ಕನೇ ಮರ ಹತ್ತಬೇಕು. ಅವಳಿಗೆ ಹದಿನೈದು ತುಂಬಿತ್ತು. ‘ವಯಸ್ಸಿಗೆ ಬಂದ ಹುಡುಗಿ ಗಿಡ ಏರ್ಯಾಳ’ ಎಂದು ಓಣಿಯಲ್ಲಿ ಯಾರೋ ಅಂದರೆ ತಾತ ಕಟ್ಟೆಯ ಮೇಲಿಂದಲೇ ಉತ್ತರ ಕೊಡುತ್ತಿದ್ದ.

“ಗಿಡ ಏರ್ಯಾಳ, ನಿಮ್ಮ ತಲಿ ಏರಿಲ್ಲಲ್ಲ! ಚಿಗುರು ಬೇಕಿದ್ರ ಉಡಿ ಒಡ್ರಿ, ಇಲ್ಲಾಂದ್ರ ಮುಂದ ನಡೀರಿ.”

ತಾತನ ದನಿ ತೆಳು. ಆರಡಿ ಆಳು, ಕಲ್ಲಿನಂಥ ಎದೆ, ಗಂಟಲು ಮಾತ್ರ ಹೆಣ್ಣಿನದು. ‘ಬೀರಪ್ಪ ಮಾತಾಡಿದ್ರ ಒಳಗ ಮದುಮಗಳು ಕೂತಂಗ ಆಗ್ತದ’ ಎಂದು ಸರಿಕರು ಕಾಡುತ್ತಿದ್ದರು. ಆದರೆ ಅದೇ ದನಿಯ ಕೂಗಿಗೆ ಇಡೀ ಹಿಂಡು ತಲೆ ಎತ್ತುತ್ತಿತ್ತು. ಕುರಿ ಕಾಯುವವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೂಗು. ಕೆರೆಯ ಹತ್ತಿರ ಎರಡು ಹಿಂಡು ಬೆರೆತುಹೋದರೂ ಹೆದರುತ್ತಿರಲಿಲ್ಲ. ಇಬ್ಬರೂ ಎರಡು ದಿಕ್ಕಿಗೆ ನಿಂತು ತಮ್ಮ ತಮ್ಮ ಕೂಗು ಹಾಕಿದರೆ ಬಾಚಣಿಗೆಯಿಂದ ಬೈತಲೆ ತೆಗೆದಂತೆ ಹಿಂಡು ಎರಡಾಗುತ್ತಿತ್ತು. ತಾತನದು ನಾಲಿಗೆಯನ್ನು ಅಂಗುಳಿಗೆ ಹಚ್ಚಿ ‘ಟುರ್ರ್’ ಎಂದು ಉರುಳಿಸಿ, ‘ಹೋ’ ಎಂದು ಮೇಲಕ್ಕೆಳೆದು, ಎಳೆದಲ್ಲೇ ಕತ್ತರಿಸಿ ಬಿಡುವ ಕೂಗು. ಕೊರಳಿಗೆ ಗಂಟೆ ಕಟ್ಟಿದ ಒಂದು ಕರಿ ಟಗರಿತ್ತು. ಮೊದಲು ಅದು ಹೊರಡುತ್ತಿತ್ತು, ಹಿಂದೆ ಎಲ್ಲವೂ. ಒಮ್ಮೆ ಹೊರಟರೆ ಎದುರಿಗೆ ಮುಳ್ಳಿದೆಯೋ ಗುಂಡಿ ಇದೆಯೋ ನೋಡುವುದಿಲ್ಲ, ಮುಂದಿನದು ಕಾಲಿಟ್ಟಲ್ಲಿ ಹಿಂದಿನದೂ ಕಾಲಿಡುತ್ತದೆ. ಅದಕ್ಕೇ ತಾತ ಮನೆಯೊಳಗೆ ಆ ಕೂಗನ್ನು ತಮಾಷೆಗೂ ಹಾಕುತ್ತಿರಲಿಲ್ಲ.

“ಕೂಗು ಆಟದ ಸಾಮಾನಲ್ಲವ್ವಾ. ನಾ ಕೂಗಿದ್ರ ಅವು ಬಾವ್ಯಾಗೂ ಬೀಳ್ತಾವ. ನಂಬಿಗಿ ಅದು.”

ಹೆಣ್ಣುಮಕ್ಕಳಿಗೆ ಅದನ್ನು ಯಾರೂ ಕಲಿಸುವುದಿಲ್ಲ. ನಾನು ಕಲಿತಿದ್ದು ಕದ್ದು. ದೊಡ್ಡಿಯಲ್ಲಿ ಮರಿಗಳ ನಡುವೆ ಮಲಗಿ ಬಾಯೊಳಗೇ ಉರುಳಿಸಿ ಉರುಳಿಸಿ ಒಂದು ಸಂಜೆ ಸಣ್ಣಗೆ ಹೊರಗೆ ಬಿಟ್ಟೆ. ಮೂರು ಮರಿಗಳು ಕಿವಿ ನಿಮಿರಿಸಿ ಎದ್ದು ನಿಂತವು. ಆ ಹೆಮ್ಮೆಯನ್ನು ಇಟ್ಟುಕೊಳ್ಳಲು ನನ್ನ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಓಡಿಹೋಗಿ ನೀಲಕ್ಕನನ್ನು ಎಳೆದುಕೊಂಡು ಬಂದು ಅವಳೆದುರು ಕೂಗಿ ತೋರಿಸಿದೆ. ಅವಳು ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು.

“ಯವ್ವಾ! ತಾತನ್ನ ನುಂಗಿ ಬಂದೀಯೇನಬೇ ಮಾಳೀ? ಇನ್ನೊಮ್ಮಿ ಹಾಕು!”

ಹಾಕಿದೆ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಗಲ್ಲ ಹಿಂಡಿ ಹೇಳಿದಳು.

“ಯಾರ ಮುಂದೂ ಹಾಕಬ್ಯಾಡ ಮತ್ತ. ತಾತಗ ಗೊತ್ತಾದ್ರ ಇಬ್ಬರನ್ನೂ ಗೂಟಕ್ಕ ಕಟ್ತಾನ.”

ಹಾಗೆ ಅದು ನಮ್ಮಿಬ್ಬರ ಗುಟ್ಟಾಗಿ ಉಳಿಯಿತು. ನನಗೆ ಆ ಕೂಗು ಬರುತ್ತದೆಂದು ಜಗತ್ತಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಯುಗಾದಿಗೆ ಮೊದಲು ಉಣ್ಣೆ ಕತ್ತರಿಸಬೇಕು. ಕತ್ತರಿಸುವ ಮೊದಲು ಕುರಿ ತೊಳೆಯಬೇಕು. ಬೇಸಿಗೆಗೆ ಕಾಲುವೆಯ ನೀರು ನಿಲ್ಲಿಸುವ ಮುನ್ನವೇ ಅದು ಮುಗಿಯಬೇಕು. ವರ್ಷದಲ್ಲಿ ನಮಗೆ ಅದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ಬುತ್ತಿ ಕಟ್ಟಿಕೊಂಡು, ಅಂಟುವಾಳದ ನೀರಿನ ಕೊಡ ಹೊತ್ತುಕೊಂಡು ಬೆಳಿಗ್ಗೆಯೇ ಹೊರಡುತ್ತಿದ್ದೆವು. ಅಪ್ಪ ಮಗ್ಗದ ಮೇಲಿದ್ದ ಕಂಬಳಿ ಮುಗಿಸಬೇಕೆಂದು ಮನೆಯಲ್ಲಿ ಉಳಿದ. ಕಾಲುವೆಗೆ ಈ ದಂಡೆಯಲ್ಲಿ ಬಟ್ಟೆ ಒಗೆಯುವ ಮೆಟ್ಟಿಲುಗಳಿದ್ದವು. ಉಳಿದಂತೆ ಎರಡೂ ಕಡೆ ಇಳಿಜಾರಿನ ಕಲ್ಲು, ಅದರ ಮೇಲೆ ಪಾಚಿ. ಕೊನೆಯ ಮೆಟ್ಟಿಲು ನೀರೊಳಗೆ ಮುಳುಗಿರುತ್ತಿತ್ತು. ಅದರ ಮೇಲೆ ನೀಲಕ್ಕ ಸೀರೆ ಎತ್ತಿ ಕಟ್ಟಿ ಸೊಂಟದ ನೀರಿನಲ್ಲಿ ನಿಂತಿದ್ದಳು. ತಾತ ದಂಡೆಯ ಬೇವಿನ ಮರಗಳ ಕೆಳಗೆ ಹಿಂಡನ್ನು ನಿಲ್ಲಿಸಿಕೊಂಡು ಒಂದೊಂದೇ ಕುರಿಯನ್ನು ಅವಳಿಗೆ ಇಳಿಸಿ ಕೊಡುತ್ತಿದ್ದ. ಅವಳು ತಿಕ್ಕಿ, ಮುಳುಗಿಸಿ, ಮೇಲೆ ದಬ್ಬುತ್ತಿದ್ದಳು. ತೊಳೆದ ಕುರಿ ಈ ಕಡೆಯ ಮಣ್ಣಿನಲ್ಲಿ ಹೊರಳಬಾರದೆಂದು ತಾತ ಅದನ್ನು ಸಣ್ಣ ಸೇತುವೆ ದಾಟಿಸಿ ಆಚೆ ದಂಡೆಯ ಹುಲ್ಲಿಗೆ ಬಿಡುತ್ತಿದ್ದ. ಆಚೆ ಅವುಗಳನ್ನು ನೋಡಿಕೊಳ್ಳಲು ನಾನು. ಅವ್ವ ಮೇಲುಗಡೆ, ಕಾಲುವೆ ತಿರುಗುವಲ್ಲಿ, ಜಾಲಿಗಿಡಗಳ ಹಿಂದೆ ಮನೆಯ ಹಳೆಯ ಕಂಬಳಿಗಳನ್ನು ಒಗೆಯುತ್ತಿದ್ದಳು. ಅವಳ ದನಿ ನಮಗೆ ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ.

“ನೀಲೀ, ತಿಕ್ಕಾಕತ್ತೀಯೋ ಮುದ್ದು ಮಾಡಾಕತ್ತೀಯೋ? ಹೊತ್ತು ನೆತ್ತಿಗೆ ಬಂತು!” ಎಂದು ಗಿಡಗಳ ಹಿಂದಿನಿಂದ ಅವ್ವ.

“ನೀ ಸೊಸಿ ಮಾಡ್ಕೊಳ್ಳೋ ಕುರಿನೂ ಇದರಾಗ ಅದ ಯವ್ವಾ, ಚಂದ ತೊಳೀಬೇಕಲ್ಲ!” ಎಂದು ನೀಲಕ್ಕ.

ತೊಳೆದ ಕುರಿಗಳು ಹನ್ನೊಂದೋ ಹನ್ನೆರಡೋ ಆಗಿದ್ದವು. ನಾನು ಬೇವಿನ ಹೂವನ್ನು ದಾರದಲ್ಲಿ ಪೋಣಿಸುತ್ತ ಕೂತಿದ್ದೆ. ತಲೆ ಎತ್ತಿದರೆ ನಾಲ್ಕು ಕುರಿಗಳು ಹುಲ್ಲು ಬಿಟ್ಟು ಗದ್ದೆಯ ಬದುವಿಗೆ ಹೋಗಿ ನಿಂತಿದ್ದವು. ಕೆಳಗೆ ಹಾಲುಗಟ್ಟುತ್ತಿದ್ದ ಎರಡನೆಯ ಬೆಳೆಯ ಭತ್ತ. ಆ ಗದ್ದೆಯವನ ಬಾಯಿ ಊರಿಗೇ ಗೊತ್ತು. ಹಿಂದಿನ ವರ್ಷ ಒಂದು ಕುರಿ ಬಾಯಿ ಹಾಕಿದ್ದಕ್ಕೆ ತಾತನನ್ನು ಸಂತೆಯಲ್ಲಿ ನಿಲ್ಲಿಸಿ ಬೈದಿದ್ದ. ನಾನು ಓಡಿದೆ. ನಾನು ಓಡಿದಷ್ಟೂ ಅವು ಗದ್ದೆಯೊಳಗೇ ಇಳಿಯುವಂತೆ ಕಂಡವು. ಆಗ ನಿಂತು ತಾತನ ಕೂಗು ಹಾಕಿದೆ. ಬಾಯೊಳಗೆ ಅಲ್ಲ, ಸಣ್ಣಗೂ ಅಲ್ಲ. ಇದ್ದ ಎದೆಯನ್ನೆಲ್ಲ ಹಾಕಿ. ಆ ನಾಲ್ಕು ಕುರಿಗಳನ್ನು ಕರೆದೆ ಎಂದೇ ತಿಳಿದಿದ್ದೆ. ತಾತನಿದ್ದ ಎದುರು ದಂಡೆಯಲ್ಲಿ ಇಡೀ ಹಿಂಡು ನಿಂತಿದೆ, ಅದೂ ಕೇಳಿಸಿಕೊಳ್ಳುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ ನೋಡಿದ್ದೇನೆ, ಪರೀಕ್ಷೆಯ ಕೋಣೆಯಲ್ಲಿ ನೋಡಿದ್ದೇನೆ, ಅಕ್ಕಿ ತೊಳೆಯುವಾಗ ನೋಡಿದ್ದೇನೆ. ಕೂಗು ಕೇಳಿ ನೀಲಕ್ಕ ನನ್ನ ಕಡೆ ತಿರುಗಿದಳು. ತಿರುಗಿ ನಕ್ಕಳು. ಕೂಗಿದ್ದು ಯಾರೆಂದು ಅವಳಿಗೆ ಮಾತ್ರ ತಕ್ಷಣ ಗೊತ್ತಾಗಿತ್ತು. ಸಿಕ್ಕಿಬಿದ್ದೆಯಲ್ಲೇ ಎನ್ನುವ ನಗು ಅದು. ಅವಳ ಬೆನ್ನ ಹಿಂದೆ ಕರಿ ಟಗರಿನ ಗಂಟೆ ಅಲುಗಿತು. ಟಗರು ಸೇತುವೆಯ ಕಡೆ ನೋಡಲೇ ಇಲ್ಲ. ಕೂಗು ಬಂದ ದಿಕ್ಕಿಗೆ ನೇರವಾಗಿ ಜಿಗಿಯಿತು. ಅದರ ಹಿಂದೆ ಒಂದು, ಮೂರು, ಹತ್ತು, ಆಮೇಲೆ ಎಣಿಸಲಾಗದ ಬೆನ್ನುಗಳು. ತಾತ ಎರಡೂ ಕೈ ಚಾಚಿ ಅಡ್ಡ ನಿಂತಿದ್ದು ಕಂಡಿತು, ಅವನನ್ನು ಕೆಡವಿ ಹಿಂಡು ನೀಲಕ್ಕನಿದ್ದ ನೀರಿಗೇ ಬಿದ್ದಿದ್ದು ಕಂಡಿತು. ನೆನೆದ ಉಣ್ಣೆಯ ಭಾರ ಗೊತ್ತಿದ್ದವರಿಗೆ ಗೊತ್ತು. ನೀಲಕ್ಕ ಈಜು ಬಲ್ಲವಳು. ಮೇಲೆ ಬರಲು ಜಾಗ ಬೇಕಲ್ಲ, ಜಾಗವಿರಲಿಲ್ಲ. ಒಮ್ಮೆ ಕೈ ಕಂಡಿತು. ಕುರಿಗಳ ನಡುವೆ, ಬಳೆ ಇದ್ದ ಕೈ. ತಾತ ಎದ್ದು ಬಂದು ಅವುಗಳ ಮೇಲೆಯೇ ಧುಮುಕಿದ. ಮುಳುಗಿ ಎದ್ದಾಗಲೆಲ್ಲ ಅವನ ಮುಷ್ಟಿಯಲ್ಲಿ ಉಣ್ಣೆ ಇರುತ್ತಿತ್ತು, ಬೇರೆ ಏನೂ ಇರುತ್ತಿರಲಿಲ್ಲ. ನೀರು ಕುರಿಗಳನ್ನು ಕೆಳಕ್ಕೆ ಎಳೆದೊಯ್ದು ಸೇತುವೆಯ ಕಂಬದ ಬಳಿ ಬಿಟ್ಟಿತು, ಅಲ್ಲಿಂದ ಬಹಳಷ್ಟು ಹತ್ತಿ ಬಂದವು. ಬಂದು ನನ್ನ ಸುತ್ತ ನಿಂತವು. ಮೈ ಕೊಡವಿಕೊಂಡು, ಮುಖ ಎತ್ತಿ, ಕರೆದೆಯಲ್ಲ, ಬಂದಿದ್ದೇವೆ ಎನ್ನುವಂತೆ ನಿಂತವು.

ಕೆಳಗಿನ ತೂಬಿನ ಹತ್ತಿರ ಗದ್ದೆಯ ಆಳುಗಳು ಅವಳನ್ನು ತೆಗೆದರು. ಅವರನ್ನು ಕೂಗಿ ಕರೆದವನು ಆ ಗದ್ದೆಯವನೇ. ತನ್ನ ಹೆಗಲ ಮೇಲಿನ ಟವೆಲ್ ಅವಳ ಮೇಲೆ ಹೊದಿಸಿ ಅತ್ತವನೂ ಅವನೇ. ಅವ್ವ ಒದ್ದೆ ಕಂಬಳಿಯೊಂದನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದಳು. ಅವಳು ಮಗಳನ್ನು ಮುಟ್ಟುವ ಮೊದಲು ತಾತನ ಮುಂದೆ ನಿಂತಳು.

“ಮಗಳು ನೀರಾಗ ಇದ್ಲು. ಕೂಗಿದ್ದು ಯಾಕ? ಮಾವಾ, ಕೂಗಿದ್ದು ಯಾಕ?”

ತಾತ ನೀರು ಸುರಿಸುತ್ತ ನಿಂತಿದ್ದ. ಅವನು ನನ್ನ ಕಡೆ ನೋಡಿದ. ಕುರಿಗಳ ನಡುವೆ ನಿಂತಿದ್ದ ನನ್ನನ್ನು ಒಂದು ಕ್ಷಣ, ಒಂದೇ ಕ್ಷಣ ನೋಡಿದ. ತಾನು ಕೂಗಿಲ್ಲ ಎಂದು ಅವನಿಗೆ ಗೊತ್ತಿತ್ತಲ್ಲ. ಇನ್ನು ಯಾರು ಎಂದು ಹುಡುಕಲು ಅವನಿಗೆ ಅಷ್ಟೇ ಸಾಕಾಯಿತು.

“ಬುದ್ಧಿ ಕೆಟ್ಟಿತ್ತವ್ವಾ,” ಎಂದ. “ನಾನೇ ಕೂಗಿಬಿಟ್ಟೆ.”

ನಾನು ಬಾಯಿ ತೆರೆಯಲಿಲ್ಲ. ಆ ದಿನ ತೆರೆಯದ್ದಕ್ಕೆ ಒಂಬತ್ತು ವರ್ಷದ ಹುಡುಗಿಯನ್ನು ಬೇಕಾದರೆ ಬಿಡಬಹುದು. ಮಾರನೆಯ ದಿನ, ಅದರ ಮಾರನೆಯ ದಿನ, ಆಮೇಲಿನ ವರ್ಷಗಳಲ್ಲಿ ತೆರೆಯದವಳನ್ನು ಬಿಡಲಾರೆ. ತಾತನ ಬಳಿ ಮಾತ್ರ ಪ್ರಯತ್ನ ಮಾಡಿದೆ. ‘ತಾತಾ, ಅಂದು ನಾನು’ ಎನ್ನುತ್ತಿದ್ದಂತೆ ಅವನು ಎದ್ದು ನಿಲ್ಲುತ್ತಿದ್ದ. ‘ಶಾಲಿಗೆ ಹೊತ್ತಾತು’ ಎನ್ನುತ್ತಿದ್ದ. ಶಾಲೆಗೆ ರಜೆ ಇದ್ದ ದಿನವೂ ಹಾಗೆಯೇ ಎಂದ. ಒಮ್ಮೆ ಮಾತ್ರ ದೊಡ್ಡಿಯಲ್ಲಿ ನನ್ನ ತಲೆಯ ಮೇಲೆ ಕೈ ಇಟ್ಟು, “ನನ್ನ ಹೊರಿ ನಾ ಹೊತ್ತೀನಿ ಮಾಳವ್ವಾ. ನೀ ಕೈ ಹಚ್ಚಬ್ಯಾಡ,” ಎಂದ. ಆ ವರ್ಷದ ಉಣ್ಣೆಯನ್ನು ಕತ್ತರಿಸಿದರು, ಅವ್ವ ನೂಲಲಿಲ್ಲ. ಹಿಂಡನ್ನು ದೇವದುರ್ಗದ ಸಂಬಂಧಿಕರೊಬ್ಬರು ಹೊಡೆದುಕೊಂಡು ಹೋದರು. ಹೋಗುವಾಗ ಹಿಂಡು ಊರ ಹೊರಗಿನ ತಿರುವಿನಲ್ಲಿ ನಿಂತುಬಿಟ್ಟಿತು, ಹೊಸಬರ ಕೂಗಿಗೆ ಕದಲಲಿಲ್ಲ. ಅವರು ಓಡಿ ಬಂದು, ‘ಒಂದ್ಸಲ ಕೂಗ್ರಿ, ಬೀರಪ್ಪ ಕಾಕಾ’ ಎಂದು ಕೇಳಿಕೊಂಡರು. ತಾತ ಕಟ್ಟೆಯ ಮೇಲಿಂದ ಏಳಲಿಲ್ಲ. ಕೊನೆಗೆ ಟಗರಿಗೆ ಹಗ್ಗ ಹಾಕಿ ಎಳೆದುಕೊಂಡು ಹೋದರು.

ಅದಾದ ಮೇಲೆ ಅವ್ವ ತಾತನೊಂದಿಗೆ ಮಾತಾಡಲಿಲ್ಲ. ಊಟಕ್ಕೆ ಕಡಿಮೆ ಮಾಡಲಿಲ್ಲ. ರೊಟ್ಟಿ ಬಿಸಿಯದೇ, ಅವನಿಗೆ ಹಲ್ಲಿಲ್ಲವೆಂದು ಹಾಲಿನಲ್ಲಿ ಮುರಿದು ಹಾಕಿದ್ದೇ. ಆದರೆ ‘ಮಾವಾ, ಉಣ್ಣಾಕ ಏಳ್ರಿ’ ಎಂಬ ಮಾತು ನಿಂತುಹೋಯಿತು. ತಟ್ಟೆ ಇಟ್ಟು ಸೌಟಿನಿಂದ ಪಾತ್ರೆಗೆ ಒಂದು ಸಲ ಬಡಿಯುತ್ತಿದ್ದಳು. ಅವನು ಎದ್ದು ಬರುತ್ತಿದ್ದ. ನಡುವೆ ಕೂತ ಅಪ್ಪ ಇಬ್ಬರ ಮುಖವನ್ನೂ ನೋಡದೆ ಉಂಡು ಮತ್ತೆ ಕುಣಿಯೊಳಗೆ ಇಳಿಯುತ್ತಿದ್ದ. ನನ್ನನ್ನು ಮಾನ್ವಿಯ ಹಾಸ್ಟೆಲಿಗೆ ಕಳಿಸಬೇಕೆಂದು ಹಟ ಹಿಡಿದವನು ತಾತ. ‘ಓದ್ಲಿ. ಕುರಿ ಕಡಿ, ಕಾಲವಿ ಕಡಿ ಬರೂದು ಬ್ಯಾಡ’ ಎಂದ. ನಾನು ಮನೆ ಬಿಟ್ಟೆ, ಆ ಊಟದಿಂದ ತಪ್ಪಿಸಿಕೊಂಡೆ. ಓದಿದ್ದೂ ಹಾಗೆಯೇ, ತಲೆ ಎತ್ತದೆ, ಯಾರೂ ಏನೂ ಕೇಳದಂತೆ. ಶಿಕ್ಷಕರು ನನ್ನನ್ನು ಮೌನಿ, ಶ್ರಮಜೀವಿ ಎಂದು ಹೊಗಳಿದರು. ರಾಯಚೂರಿನ ಕಾಲೇಜಿನಲ್ಲಿದ್ದಾಗ ತಾತ ಹೋದ. ಬಸ್ಸು ಹಿಡಿದು ಬಂದಾಗ ಅವನನ್ನು ಕಟ್ಟೆಗೆ ಆನಿಸಿ ಕೂರಿಸಿದ್ದರು. ಊರಿನವರೆಲ್ಲ ಕಾಲು ಮುಟ್ಟಿದರು. ಅವ್ವ ಬಾಗಿಲಿನಿಂದ ಈಚೆ ಬರಲಿಲ್ಲ.

ಅಪ್ಪ ತೀರಿದ ಮೇಲೆ ಅವ್ವನನ್ನು ರಾಯಚೂರಿಗೆ ಕರೆತಂದೆ. ಯುಗಾದಿಯ ದಿನ ಹಿರಿಯರಿಗೆ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಪ್ರತಿ ವರ್ಷ ಅವಳು ಮೂರು ಎಲೆ ಹಾಕುತ್ತಾಳೆ. ನಾನು ನೋಡದ ಅಜ್ಜಿಗೆ ಒಂದು, ಅಪ್ಪನಿಗೆ ಒಂದು, ಹಿರಿಯಳಾಗುವ ಮೊದಲೇ ಹಿರಿಯರ ಸಾಲಿಗೆ ಸೇರಿದ ನೀಲಕ್ಕನಿಗೆ ಒಂದು. ತಾತನಿಗೆ ಇಲ್ಲ. ಈ ವರ್ಷ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಕೂತು ಹೋಳಿಗೆಗೆ ಕಣಕ ನಾದುತ್ತಿದ್ದಳು. ನಾನು ಎಲೆ ಒರೆಸುತ್ತಿದ್ದವಳು ನಾಲ್ಕನೆಯದನ್ನು ತೆಗೆದೆ.

“ಅದು ಯಾರಿಗೆ?” ಎಂದಳು.

“ತಾತಗ.”

“ತೆಗಿ.”

“ಅವ್ವಾ, ಅಂದು ಕೂಗಿದಾಕಿ ನಾನು. ತಾತ ಅಲ್ಲ. ಕುರಿ ಗದ್ದಿಗೆ ಇಳೀತಾವಂತ ನಾನು ಕೂಗಿದೆ.”

ಅವಳು ನಾದುವುದನ್ನು ನಿಲ್ಲಿಸಲಿಲ್ಲ.

“ಅಂವನ ಮ್ಯಾಲ ಮೊದಲಿಂದ ನಿನಗ ಜೀವ. ಅಂವ ನಿನ್ನ ಓದಿಸ್ಯಾನ, ಖರೇ. ಹಂಗಂತ ಸುಳ್ಳು ಹೇಳಬ್ಯಾಡ. ಅದು ಮಾವನ ಕೂಗು. ನಾ ಈ ಕಿವೀಲೆ ಕೇಳೀನಿ.”

ನಾಲಿಗೆಯನ್ನು ಅಂಗುಳಿಗೆ ಹಚ್ಚಿದೆ. ಅಷ್ಟು ವರ್ಷ ಬಾಯಿಗೆ ತರದಿದ್ದ ಕೂಗು ಬರುತ್ತದೆಂಬ ನಂಬಿಕೆಯೂ ಇರಲಿಲ್ಲ. ಬಂತು. ಉರುಳಿ, ಎಳೆದು, ಎಳೆದಲ್ಲೇ ಕತ್ತರಿಸಿ, ತಾತನ ತೆಳು ದನಿಯಲ್ಲಿ ಪೂರ್ತಿಯಾಗಿ ಬಂತು. ಪಕ್ಕದ ಮನೆಯಲ್ಲಿ ಯಾರೋ ಕಿಟಕಿ ತೆರೆದರು. ಅವ್ವನ ಕೈ ಕಣಕದೊಳಗೆ ನಿಂತಿತು. ಆಮೇಲೆ ಗೋಡೆ ಹಿಡಿದು ಎದ್ದು ಬಂದು, ಹಿಟ್ಟು ಮೆತ್ತಿದ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

“ಸಾಕು. ಇನ್ನೊಮ್ಮಿ ಹಂಗ ಅನಬ್ಯಾಡ. ಅಂವ ಸತ್ತು ಹೋಗ್ಯಾನ, ಇನ್ನ ಅಂವಗ ಏನೂ ನೋವಾಗೂದಿಲ್ಲ. ನನಗ ಉಳದಾಕಿ ನೀ ಒಬ್ಬಾಕಿ ಅದೀ, ಮಾಳೀ.”

ನಾಲ್ಕನೆಯ ಎಲೆಯನ್ನು ಅವಳೇ ಮಡಚಿ ಮೂಲೆಗಿಟ್ಟಳು. ಮಧ್ಯಾಹ್ನ ಮೂರು ಎಡೆ ಇಟ್ಟೆವು. ಮೂರಕ್ಕೂ ತುಪ್ಪ ಹಾಕಿದವಳು ನಾನೇ.